ತಿಕೋಟಾ ಗಿರಣಿಯ ತೋಡಿ

ಗಂಡನ ಕರ್ಮಾಂತರ ಮುಗಿದು ನೆಂಟರೆಲ್ಲ ಹೋದ ಮರುದಿನ ನಸುಕಿನಲ್ಲಿ ಹಾಲಿನವನು ಬಂದ. ಎಂದಿನಷ್ಟೇ ಹಾಲು ಹಾಕಿದ. ಇಷ್ಟು ಬೇಡ ಎಂದು ನಾನೂ ಹೇಳಲಿಲ್ಲ. ಒಲೆ ಹೊತ್ತಿಸಿ ತಿರುಗಿದಾಗ ಮೂಲೆಯಲ್ಲಿ ಗವಸು ಹಾಕಿ ನಿಲ್ಲಿಸಿದ್ದ ತಂಬೂರಿ ಕಂಡಿತು. ನಮ್ಮ ಮನೆಯಲ್ಲಿ ಅದು ಮೂರು ವರ್ಷದಿಂದ ಇದೆ. ನಮ್ಮದಲ್ಲ.

‘ಅವನ ಸಾಲಿಯೊಳಗ ಇಡಿಸೋಣು. ಹಣಮಂತನ ಹೆಸರು ಬರೆಸಿ ಒಂದು ಹಿತ್ತಾಳಿ ಪಟ್ಟಿ ಹಚ್ಚಿದ್ರಾತು’ ಎಂದು ಭಾವನವರು ಹಿಂದಿನ ದಿನ ಹೊರಡುವಾಗ ಹೇಳಿದ್ದರು. ಅದು ತಿಕೋಟಾದವರದು ಎಂದೆ. ‘ಅವರೇನು ಕೇಳಲಿಕ್ಕೆ ಬರ್ತಾರ?’ ಎಂದರು. ನನ್ನ ಪತಿ, ವಿಜಾಪುರದ ಶಾಲೆಯೊಂದರ ಸಂಗೀತ ಶಿಕ್ಷಕ ಹಣಮಂತರಾಯರು, ಮೂರು ವರ್ಷವೂ ಇದನ್ನೇ ಹೇಳಿದ್ದರು.

ಹಾಲು ಕಾಯಿಸಿ ಮುಚ್ಚಿಟ್ಟು, ತಂಬೂರಿ ಎತ್ತಿಕೊಂಡು ಮೊದಲ ಬಸ್ಸಿಗೆ ಹೋದೆ. ‘ಅಕ್ಕಾರ, ಆ ಕುಂಬಳಕಾಯಿ ಮ್ಯಾಲ ಯಾರೂ ಕುಂಡ್ರದಂಗ ನೋಡ್ಕೋರಿ’ ಎಂದ ಕಂಡಕ್ಟರು.

ತಿಕೋಟಾದ ಪೇಟೆ ಹಿಂದಿನ ಓಣಿಯಲ್ಲಿ ಗಿರಣಿ ಆಗಲೇ ಶುರುವಾಗಿದೆ. ತಂಬೂರಿಯ ಒಡೆಯ ಹುಸೇನಸಾಬರು ತೊಟ್ಟಿಗೆ ಜೋಳ ಸುರಿಯುತ್ತಾರೆ. ಬರಿದೇ ತಿರುಗುತ್ತಿದ್ದ ಕಲ್ಲಿನ ಸದ್ದು ಸ್ವಲ್ಪ ಕೆಳಗಿಳಿದು ಒಂದು ಕಡೆ ನಿಲ್ಲುತ್ತದೆ. ಆಗ ಅವರ ತುಟಿಗಳು ಅಲುಗುತ್ತವೆ. ಟೊಪ್ಪಿಗೆ, ಹುಬ್ಬು, ಗಡ್ಡ ಎಲ್ಲ ಹಿಟ್ಟು. ಹಾಡು ಹೊರಗಿನವರಿಗೆ ಕೇಳಿಸುವುದಿಲ್ಲ.

‘ತಂಬೂರಿ ಇಲ್ಲಲ್ರಿ. ಗಿರಣೀನ ಸುರ ಕೊಡತೈತಿ’ ಎನ್ನುತ್ತಾರೆ. ‘ಗೋದಿ ಹಾಕಿದರ ಒಂದು, ಜ್ವಾಳ ಹಾಕಿದರ ಇನ್ನೊಂದು. ನನಗ ಜ್ವಾಳದ್ದ ಹೊಂದತೈತಿ.’

ಅವರು ಹಿಂದೂಸ್ತಾನಿ ಸಂಗೀತದ ಚೀಜು ಕಟ್ಟುವವರು. ಗಾಯಕರು ರಾಗ ಬೆಳೆಸಲು ಆಧಾರವಾಗಿ ಹಿಡಿಯುವ ನಾಲ್ಕು ಸಾಲಿನ ಪದಕ್ಕೆ ಚೀಜು ಎನ್ನುತ್ತಾರೆ. ಕಟ್ಟಿದವರ ಹೆಸರು ಕಡೆಯ ಸಾಲಿನಲ್ಲಿ ಬರುವುದು ವಾಡಿಕೆ. ಎಷ್ಟು ಕಟ್ಟಿದ್ದೀರಿ ಎಂದರೆ ನಗುತ್ತಾರೆ. ‘ಅರವತ್ತೋ ಎಪ್ಪತ್ತೋ. ಚಲೋ ಅನ್ನೂವು ಹತ್ತ ಇರಬೇಕ್ರಿ. ಉಳಿದದ್ದು ನುಚ್ಚು.’

ತಂದೆ ನಾಟಕ ಕಂಪನಿಯಲ್ಲಿ ಸಾರಂಗಿ ನುಡಿಸುತ್ತಿದ್ದರು. ಮಗ ಅದೇ ಕಂಪನಿಯ ಗಾಡಿಗಳ ಮೇಲೆ ಬೆಳೆದು, ಮಿರಜಿನ ಉಸ್ತಾದರೊಬ್ಬರಲ್ಲಿ ಕಲಿತರು. ತಂಬೂರಿ ಆ ಉಸ್ತಾದರು ಕೊಟ್ಟದ್ದು. ಬಬಲೇಶ್ವರದ ಮುಕ್ಕಾಮಿನಲ್ಲಿ ಕಂಪನಿ ಮುಚ್ಚಿತು. ಪರದೆಗಳು ಯಾರದೋ ಗೋದಾಮಿಗೆ ಹೋದವು. ಹುಸೇನಸಾಬರು ತಿಕೋಟಾದಲ್ಲಿ ಮಾವನ ಗಿರಣಿಗೆ ಬಂದರು. ಹಬ್ಬದ ದಿನಗಳಲ್ಲಿ ಹತ್ತು ಹನ್ನೆರಡು ಚೀಲ ಬೀಸುತ್ತಾರೆ. ಇಷ್ಟು ವರ್ಷದ ಹಿಟ್ಟು ಎದೆಯಲ್ಲಿ ಕೂತಿದೆ. ಎರಡು ಸಾಲು ಹಾಡುವಷ್ಟರಲ್ಲಿ ಕೆಮ್ಮು ಬರುತ್ತದೆ. ಚೀಜು ಇದೆ, ಉಸಿರಿಲ್ಲ.

ಹಾಗಾಗಿ ಹಾಡುವವರೊಬ್ಬರು ಬೇಕಿತ್ತು. ಹಣಮಂತರಾಯರು ರವಿವಾರ ಬಂದು ಜೋಳದ ಚೀಲದ ಮೇಲೆ ಕೂತು ಕಲಿತರು. ‘ಎಂಥಾ ಗಂಟಲ ಇತ್ರಿ ರಾಯರದು! ನನ್ನ ಪದಕ್ಕ ಅಂಥಾ ಗಂಟಲ ಸಿಕ್ಕೀತು ಅಂತ ನಾ ಕನಸಿನ್ಯಾಗೂ ಅಂದಕೊಂಡಿದ್ದಿಲ್ಲ.’ ರೇಡಿಯೋದಲ್ಲಿ ಹಾಡುವ ಅವಕಾಶ ಬಂದಾಗ ತಂಬೂರಿಯನ್ನು ಎಂಟು ದಿನದ ಮಟ್ಟಿಗೆ ಕೇಳಿ ಒಯ್ದರು. ಆಮೇಲೆ ಆ ಕಡೆ ಹೋಗಲಿಲ್ಲ.

ಹಾಡು ಬಿತ್ತರವಾದ ಬೆಳಿಗ್ಗೆ ಹುಸೇನಸಾಬರು ಎಂಜಿನ್ನು ನಿಲ್ಲಿಸಿ, ಬೀಸಿಸಲು ಬಂದವರನ್ನೆಲ್ಲ ಕೂರಿಸಿ ರೇಡಿಯೋ ಹಚ್ಚಿದ್ದರು. ತೋಡಿ ರಾಗದ ಚೀಜು: ಬೆಳಗಾಯಿತು, ಮನೆಮನೆಯಲ್ಲಿ ಬೀಸುವ ಕಲ್ಲು ಎದ್ದಿದೆ, ನೀನಿನ್ನೂ ಬಾಗಿಲು ತೆರೆದಿಲ್ಲ, ಹುಸೇನ ಹೊರಗೆ ನಿಂತಿದ್ದಾನೆ. ಗಾಯಕರ ಸ್ವಂತ ರಚನೆ ಎಂಬ ಮಾತು ಮೊದಲು ಬಂತು. ಕಡೆಯ ಸಾಲಿನಲ್ಲಿ ಹೊರಗೆ ನಿಂತವನು ಹಣಮಂತರಾಯನಾಗಿದ್ದ.

ಘೋಣಸಗಿಯ ಬಸಗೊಂಡಪ್ಪ ಅವತ್ತೂ ಇದ್ದ, ಇವತ್ತೂ ಚೀಲ ಇಟ್ಟುಕೊಂಡು ಬಾಗಿಲ ಹತ್ತಿರ ಕೂತಿದ್ದಾನೆ. ‘ನಾನ ಅಂದಿದ್ದೆರಿ, ಸಾಬ್ರ, ಜ್ವಾಳ ನಿಮ್ದು, ಹಿಟ್ಟು ವಿಜಾಪುರದವರು ಒಯ್ದರು ಅಂತ’ ಎಂದು ನನಗೇ ಹೇಳಿ, ನಾನು ಯಾರೆಂಬುದು ನೆನಪಾಗಿ ತಲೆ ತಗ್ಗಿಸುತ್ತಾನೆ.

‘ಎಲ್ಲಾರೂ ನಕ್ಕರು. ನಾನೂ ನಕ್ಕೆ’ ಎನ್ನುತ್ತಾರೆ ಹುಸೇನಸಾಬರು. ‘ಆಮ್ಯಾಲ ಭಾಳ ದಿನ ಪ್ಯಾಟಿ ಕಡೆ ಹೋಗಲಿಲ್ರಿ.’

ಅವರ ಹೆಂಡತಿ ಮಕ್ತುಮಬಿ ನನ್ನ ಮುಂದೆ ಚಹಾ ಇಡುತ್ತಾರೆ. ‘ತಂಬೂರಿ ಒಯ್ದರು, ಹೆಸರೂ ಒಯ್ದರು. ಗಿರಣಿ ಹೊತ್ತೊಯ್ಯಾಕ ಬರೂದಿಲ್ಲಂತ ಬಿಟ್ಟರು.’

‘ಸುಮ್ನಿರ ಬೇ. ದುಃಖದಾಗ ಬಂದಾರ ಅವರು.’

‘ದುಃಖ ಐತಂತನ ಚಾ ಕೊಟ್ಟೇನಿ.’

ನಾನು ಚಹಾ ಕುಡಿಯುತ್ತೇನೆ. ತಲೆ ಎತ್ತಲಾಗುವುದಿಲ್ಲ. ನಮ್ಮ ಮನೆಯಲ್ಲಿ ಆ ಸಾಲಿನ ಹೆಸರು ಬದಲಾದ ದಿನ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಮೂರಕ್ಷರದ ಜಾಗದಲ್ಲಿ ಉದ್ದದ ಹೆಸರು ತುರುಕಿ ಹಾಡು ಅಲ್ಲಿ ಎಡವುತ್ತಿತ್ತು. ಕಿವಿಗೆ ಬಿದ್ದಿತ್ತು. ಏಕೆಂದು ಕೇಳಲಿಲ್ಲ. ಹಣಮಂತರಾಯರು ತೀರಿಕೊಂಡಾಗ, ನೀವೀಗ ಓದುತ್ತಿರುವ ಇದೇ ಪತ್ರಿಕೆ ಅವರನ್ನು ‘ತೋಡಿ ಚೀಜಿನ ರಚನಾಕಾರ’ ಎಂದು ಬರೆಯಿತು. ಅದು ತಪ್ಪು. ರಚನಾಕಾರರು ತಿಕೋಟಾದಲ್ಲಿ ಜೋಳ ಬೀಸುತ್ತಿದ್ದಾರೆ.

ಸಿಟ್ಟು ಬಂದಿರಲಿಲ್ಲವೇ ಎಂದು ಕೇಳುತ್ತೇನೆ.

‘ಬಂದಿತ್ರಿ, ಸುಳ್ಳ ಯಾಕ ಹೇಳಲಿ? ಬಂದರ ನಾಕ ಮಾತು ಬೈಬೇಕಂತ ಹಾದಿ ಕಾಯತಿದ್ದೆ. ಹಿಂಗ ಹೊಂಟ ಹೋದರು. ಈಗ ಬೈಯಾಕ ಮನಿಶಾ ಇಲ್ಲ, ಹಾಡಾಕ ಗಂಟಲ ಇಲ್ಲ.’

ಅವರಿಗೆ ಬೇಕಾದದ್ದು ದೊಡ್ಡದೇನಲ್ಲ. ‘ಅವತ್ತ ಕೇಳಿದ ಮಂದಿ ಮುಂದ ಒಮ್ಮೆ ಸರಿ ಹಾಡಬೇಕ್ರಿ. ನಾ ಹಾಡೇನಂದ್ರ ಕಡೀ ಸಾಲು ಬರೂದ್ರೊಳಗ ಕೆಮ್ಮು ಬರತೈತಿ. ನನ್ನ ಹೆಸರ ಕೆಮ್ಮಿನಾಗ ಹೋಗತೈತಿ.’

ನಾನು ಬಾಗಿಲ ಹೊರಗೆ ಒರಗಿಸಿಟ್ಟಿದ್ದ ತಂಬೂರಿಯನ್ನು ತಂದು, ಗವಸು ಬಿಚ್ಚಿ ಅವರ ಮುಂದಿಡುತ್ತೇನೆ. ಅವರು ಪಂಚೆಗೆ ಕೈ ಒರೆಸಿಕೊಳ್ಳುತ್ತಾರೆ. ಮತ್ತೆ ಒರೆಸಿಕೊಳ್ಳುತ್ತಾರೆ. ಆಮೇಲೆ ಮುಟ್ಟಿ, ಎದ್ದು ಹೋಗಿ ಎಂಜಿನ್ನು ನಿಲ್ಲಿಸುತ್ತಾರೆ.

‘ಸಾಬ್ರ, ನನ್ನ ಜ್ವಾಳ ಅರ್ಧಾ ನಿಂತೈತ್ರೀ!’ ಎನ್ನುತ್ತಾನೆ ಬಸಗೊಂಡಪ್ಪ.

‘ನಿಂದರಲಿ ತಡಿಯೋ.’

ಬಿರಡೆ ತಿರುಗಿಸಿ ತಂತಿ ಕೂಡಿಸಲು ಬಹಳ ಹೊತ್ತು ಹಿಡಿಯುತ್ತದೆ. ಓಣಿಯಲ್ಲಿ ಇಷ್ಟು ಹೊತ್ತು ಗಿರಣಿ ನಿಂತದ್ದು ಕಂಡು ಒಬ್ಬಿಬ್ಬರು ಬಾಗಿಲಿಗೆ ಬರುತ್ತಾರೆ. ಮಕ್ತುಮಬಿಯೂ ಬಂದು ನಿಲ್ಲುತ್ತಾರೆ.

ನಾನು ಹಾಡುಗಾರ್ತಿಯಲ್ಲ. ಆದರೆ ಆ ಚೀಜು ಮೂರು ವರ್ಷ ನನ್ನ ಮನೆಯಲ್ಲಿತ್ತು. ತಂಬೂರಿ ಮೀಟುತ್ತಿರುವ ಹುಸೇನಸಾಬರ ಪಕ್ಕದಲ್ಲಿ ಚೀಲದ ಮೇಲೆ ಕೂತು, ದನಿ ಬಂದಷ್ಟರಲ್ಲಿ ಶುರು ಮಾಡುತ್ತೇನೆ. ಬೆಳಗಾಯಿತು. ಬೀಸುವ ಕಲ್ಲು ಎದ್ದಿದೆ. ಬಾಗಿಲು ತೆರೆದಿಲ್ಲ. ಕಡೆಯ ಸಾಲಿಗೆ ಬಂದಾಗ ಕಿವಿಗೆ ರೂಢಿಯಾದ ಹೆಸರು ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ನುಂಗಿ ‘ಹುಸೇನ’ ಎನ್ನುತ್ತೇನೆ. ಸಾಲು ಎಡವದೆ ತಾಳದ ಮೊದಲ ಪೆಟ್ಟಿಗೆ ಹೋಗಿ ನಿಲ್ಲುತ್ತದೆ.

ಅದೇ ಪೆಟ್ಟಿಗೆ ಅವರ ಎಡಗೈ ಚೀಲದ ಮೇಲೆ ಬೀಳುತ್ತದೆ. ಹಿಟ್ಟಿನ ದೂಳು ಮೇಲೇಳುತ್ತದೆ. ಅವರು ಕೆಮ್ಮುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಬಾಗಿಲ ಕಡೆ ತಿರುಗುತ್ತಾರೆ.

‘ಏ ಬಸಗೊಂಡಪ್ಪಾ, ಕೇಳಿದೇನ್ಲೇ? ಹಿಟ್ಟು ಹೊಳ್ಳಿ ಬಂತು ನೋಡು.’