ಟೈರ್ ಮೀಟರಿನಲ್ಲಿ ಅಳೆದ ಟರ್ಬೊ ಗಾಳಿ

ನನ್ನದು ಹುಟ್ಟಾ ಹೆದರಿಕೆಯ ಸ್ವಭಾವ. ಅಣ್ಣನದು ತದ್ವಿರುದ್ಧ. ಹಿರಿಯೂರಿನ ಹೈವೇ ಪಕ್ಕ ಅವನ ಪಂಕ್ಚರ್ ಅಂಗಡಿ ಇತ್ತು. ಗಾಳಿ ಕಡಿಮೆಯಿರುವ ಗಾಡಿ ಕಂಡರೆ ಉಣ್ಣದ ಮಗುವನ್ನು ಕಂಡಷ್ಟು ಸಂಕಟಪಡುತ್ತಿದ್ದ. ಎರಡು ಸಾವಿರದ ಇಸವಿ ದಾಟಿದ ಮೇಲೆ ಅವನು ಸೆಕೆಂಡ್‌ಹ್ಯಾಂಡ್ ಟರ್ಬೊ ಡೀಸೆಲ್ ಕಾರೊಂದನ್ನು ಕೊಂಡ.

ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ. ಆ ಒತ್ತಡಕ್ಕೆ ಬೂಸ್ಟ್ ಎನ್ನುತ್ತಾರೆ. ಚಿತ್ರದುರ್ಗದ ಗ್ಯಾರೇಜಿನ ಸಾಬರು ಅದನ್ನು ಹತ್ತು ಪೌಂಡಿಗೆ ನಿಲ್ಲಿಸಿ, ಒತ್ತಡ ಹಿಡಿಯುವ ಕಡ್ಡಿಯ ನಟ್ಟಿನ ಮೇಲೆ ಕೆಂಪು ನೈಲ್‌ಪಾಲಿಶ್‌ನ ಚುಕ್ಕೆ ಇಟ್ಟುಕೊಟ್ಟರು.

"ಈ ಚುಕ್ಕಿ ದಾಟಿಸ್ಬ್ಯಾಡ್ರಿ. ಜಾಸ್ತಿ ಆದ್ರೆ ಹೆಡ್ ಗ್ಯಾಸ್ಕೆಟ್ ಹೋಗಿ ಗಾಡಿ ಇದ್ದಲ್ಲೇ ನಿಲ್ತೈತೆ. ಬಿಸಿಲಾಗೆ, ಲೋಡ್ ಇದ್ದಾಗ ಇನ್ನೂ ಹುಷಾರು."

ಅಣ್ಣ ತಲೆಯಾಡಿಸಿದ. ಊರಿಗೆ ಬಂದವನೇ ಸ್ಪ್ಯಾನರ್ ಹಿಡಿದು ಬಾನೆಟ್ ಎತ್ತಿದ.

"ಸ್ಕೂಟರ್ ಟೈರೇ ಇಪ್ಪತ್ತೈದು ತಡಿತೈತೆ. ಕಬ್ಬಿಣದ ಎಂಜಿನ್ ಹತ್ತಕ್ಕೇ ಸಾಕು ಅಂತೈತೇನಲೇ?"

ಇಂಥ ಲೆಕ್ಕ ಪಂಕ್ಚರ್ ಅಂಗಡಿಯವನಿಗಷ್ಟೇ ಹೊಳೆದೀತು. ನಟ್ಟನ್ನು ಚುಕ್ಕೆ ದಾಟಿಸಿ ಬಿಗಿ ಮಾಡಿದ; ಬಿಗಿಯಾದಷ್ಟೂ ಬೂಸ್ಟ್ ಜಾಸ್ತಿ. ಟರ್ಬೊ ಪೈಪಿಗೊಂದು ರಬ್ಬರ್ ಟ್ಯೂಬ್ ಸಿಕ್ಕಿಸಿ, ಅಂಗಡಿಯ ಗಾಳಿ ಮೀಟರನ್ನು ತಂದು ಡ್ಯಾಶ್‌ಬೋರ್ಡಿಗೆ ಕಟ್ಟಿದ. ಅದು ಲಾರಿ ಟೈರಿನ ಮೀಟರು, ಅಂಕಿ ನೂರೈವತ್ತರವರೆಗೆ. ಹತ್ತಕ್ಕೂ ಇಪ್ಪತ್ತಕ್ಕೂ ಮುಳ್ಳು ಅಲುಗಿತೋ ಇಲ್ಲವೋ ಅನ್ನುವಷ್ಟೇ ವ್ಯತ್ಯಾಸ.

ಅದೇ ಬೇಸಿಗೆಯಲ್ಲಿ ಅತ್ತಿಗೆಯ ಸೀಮಂತ ಮುಗಿಸಿ, ಚೊಚ್ಚಲ ಬಾಣಂತನಕ್ಕೆ ಹೊಸದುರ್ಗದ ತವರಿಗೆ ಬಿಡಲು ಹೊರಟೆವು. ಹಿಂದಿನ ಸೀಟಿನಲ್ಲಿ ಅತ್ತಿಗೆ, ಅವ್ವ, ಮೂರು ಬುಟ್ಟಿ ತೆಂಗಿನಕಾಯಿ. ತೆಂಗಿನ ಸೀಮೆಗೇ ತೆಂಗಿನಕಾಯಿ ಹೊರುವುದು ನಮ್ಮವ್ವನ ಮರ್ಯಾದೆ. ಮುಂದೆ ಕೂತ ನನಗೆ ಮುಳ್ಳು ಕಾಯುವ ಕೆಲಸ. ಹೆದರಿದವನ ಮೇಲೆ ಹಾವೆಸೆದಂತಾಯಿತು.

ಮಾರಿಕಣಿವೆ ದಾಟಿ ಏರು ಶುರುವಾಯಿತು.

"ಲೇ, ಎಷ್ಟೈತೆ?"

"ಹದಿನೈದೋ ಇಪ್ಪತ್ತೋ, ಗೊತ್ತಾಗ್ತಿಲ್ಲಣ್ಣ."

"ಹಂಗಾರೆ ಇನ್ನೂ ಜಾಗ ಐತೆ ಬಿಡು."

ಏನು ಜಾಗವೋ! ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಹತ್ತಿರ ಹೋಗುತ್ತಿತ್ತು. ಎರಡೂ ಕಡೆ ಒಣ ಹೊಲ, ಒಂದು ನರಪಿಳ್ಳೆ ಇಲ್ಲ. ಕನ್ನಡಿಯಲ್ಲಿ ಅತ್ತಿಗೆಯ ಮುಖ ಬೆವೆತು, ಕೈ ಹೊಟ್ಟೆಯ ಮೇಲಿತ್ತು. ಎಂಜಿನ್ ಸುಟ್ಟರೆ ಸುಡಲಿ, ಇಲ್ಲಿ ಗಾಡಿ ನಿಂತರೆ ತುಂಬಿದ ಬಸುರಿಯನ್ನು ಯಾವ ನೆರಳಿಗೆ ಕರೆದೊಯ್ಯುವುದು?

"ಅಣ್ಣ, ನಿಲ್ಸು" ಎಂದೆ.

"ಅಂಜುಬುರುಕ" ಎಂದು ನಕ್ಕು ಆಕ್ಸಿಲರೇಟರ್ ಇನ್ನಷ್ಟು ಒತ್ತಿದ.

ಆಗ ಹಿಂದಿನಿಂದ ಅತ್ತಿಗೆ ಮೆಲ್ಲಗೆ ಕೇಳಿದರು: "ರೀ, ಅಂಗಡಿಗೆ ಬಂದೋರಿಗೆ ಗಾಳಿ ಹಾಕಾಕ್ ಮುಂಚೆ ಏನ್ ಕೇಳ್ತೀರಿ?"

ಉತ್ತರ ನಮಗೆಲ್ಲ ಗೊತ್ತಿತ್ತು. ಲೋಡ್ ಎಷ್ಟೈತೆ, ಎಲ್ಲಿಗೆ ಹೊಂಟಿದೀರಿ ಎಂದು ಕೇಳದೆ ಅವನು ಗಾಳಿ ಪೈಪು ಮುಟ್ಟಿದವನೇ ಅಲ್ಲ.

"ಇವತ್ತು ಯಾರನ್ನ ಕೇಳಿದ್ರಿ?"

ಸ್ವಲ್ಪ ದೂರ ಹೋಗಿ ಒಂದು ಬೇವಿನ ಮರದಡಿ ಗಾಡಿ ನಿಂತಿತು. ಎಂಜಿನ್ ಆರಲು ಬಿಟ್ಟು, ಅವ್ವನ ಹತ್ತಿರ ಬಟ್ಟೆ ಇಸಿದುಕೊಂಡು ಕೈಗೆ ಸುತ್ತಿಕೊಂಡ. ನಟ್ಟನ್ನು ಕೆಂಪು ಚುಕ್ಕೆಯವರೆಗೆ ತಂದ. ಹಿಂದಿನ ಸೀಟಿನ ಕಡೆ ಒಮ್ಮೆ ನೋಡಿ, ಅದಕ್ಕಿಂತಲೂ ಒಂದು ಸುತ್ತು ಸಡಿಲ ಮಾಡಿದ.

ಆಮೇಲೆ ತೆವಳಿದೆವು. ಬಸ್ಸು ನಮ್ಮನ್ನು ಹಿಂದೆ ಹಾಕಿತು. ಎಳನೀರು ಹೇರಿಕೊಂಡ ಟಿವಿಎಸ್ ಕೂಡ ಹಿಂದೆ ಹಾಕಿತು. ಬಿಸಿಯ ಮುಳ್ಳು ಇಳಿದರೂ ನನಗೆ ನಂಬಿಕೆಯಿಲ್ಲ. ಹೊಸದುರ್ಗದ ತೋಟಗಳು ಕಾಣುವವರೆಗೆ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

ಬಾಗಿಲಲ್ಲೇ ಕಾದಿದ್ದ ಅತ್ತಿಗೆಯ ಅಪ್ಪ, "ಯಾಕಪ್ಪ ಇಷ್ಟೊತ್ತಾತು?" ಎಂದರು.

"ಗಾಳಿ ಕಮ್ಮಿ ಇಟ್ಕಂಡ್ ಬಂದೆ, ಮಾವ" ಎಂದ ಅಣ್ಣ, ಜನ್ಮದಲ್ಲಿ ಯಾರೆದುರಿಗೂ ಆಡದ ಮಾತನ್ನು. ಮತ್ತೆ ಹಿಂದಿನ ಬಾಗಿಲು ತೆಗೆದು, ಹೆಂಡತಿಯ ಕೈ ಹಿಡಿದು ನಿಧಾನವಾಗಿ ಇಳಿಸಿಕೊಂಡ.