ಸಂಜೀವಪ್ಪನ ತೊಂಬತ್ತನಾಲ್ಕು ಡಿಗ್ರಿ

ಯುದ್ಧದ ಕಾಲ, ಸಾವಿರದ ಒಂಬೈನೂರ ನಲವತ್ತೆರಡನೆಯ ಇಸವಿ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಟ್ಟೆ ಸಿಗುತ್ತಿರಲಿಲ್ಲ, ನೆಲಮಂಗಲದ ಬಸ್ಸು ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಕೆಮ್ಮುತ್ತಾ ಓಡುತ್ತಿತ್ತು. ಅಂಥ ಕಾಲದಲ್ಲೂ ತ್ಯಾಮಗೊಂಡ್ಲು ಹೋಬಳಿಯ ಆ ಸಣ್ಣ ಹಳ್ಳಿಗೆ ಒಂದು ಪದಾರ್ಥ ಮಾತ್ರ ಧಾರಾಳವಾಗಿ ಬಂದು ಬಿತ್ತು. ಅದು ಡಿಗ್ರಿ. ತಂದವನು ಸಂಜೀವಪ್ಪ.

ಸಂಜೀವಪ್ಪ ರಸ್ತೆ ಅಳೆಯುವ ತಂಡದಲ್ಲಿ ಇಪ್ಪತ್ತೆರಡು ವರ್ಷ ಸರಪಳಿ ಹೊತ್ತವನು. ಸರಪಳಿ ಎಂದರೆ ಭೂಮಿ ಅಳೆಯುವ ಕಬ್ಬಿಣದ ಸರಪಳಿ, ನೂರು ಕೊಂಡಿಯದು. ಓವರ್ಸಿಯರು ಕಂಪಾಸಿನಲ್ಲಿ ಮುಳ್ಳು ನೋಡಿ, ಉತ್ತರದಿಂದ ಇಷ್ಟು ಡಿಗ್ರಿ ಎಂದು ದಿಕ್ಕು ಹೇಳುವರು. ಸಂಜೀವಪ್ಪ ಆ ದಿಕ್ಕಿನಲ್ಲಿ ಸರಪಳಿ ಎಳೆಯುವನು. ಕಂಪಾಸು ಕೈಗೆತ್ತಿಕೊಂಡಾಗಲೆಲ್ಲ ಓವರ್ಸಿಯರು ಅವನನ್ನು, "ಏಯ್, ದೂರ ಹೋಗಿ ನಿಂತ್ಕೊ" ಎಂದು ಗದರುವರು. ಯಾಕೆ ಎಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಉಪದೇಶ ಮಾಡುವ ಗುರು ಶಿಷ್ಯನ ಕಿವಿಯಲ್ಲಿ ಮಾತ್ರ ಮಂತ್ರ ಹೇಳುವುದಿಲ್ಲವೇ, ಹಾಗೆ ಡಿಗ್ರಿಯೂ ಕಂಡವರೆಲ್ಲ ಹತ್ತಿರ ನಿಂತು ನೋಡುವ ವಸ್ತುವಲ್ಲ ಎಂದು ತಿಳಿದ. ಇಪ್ಪತ್ತೆರಡು ವರ್ಷವೂ ಬಹಳ ಭಕ್ತಿಯಿಂದ ದೂರ ನಿಂತ.

ಕೆಲಸ ಬಿಡುವಾಗ ಅದೇ ಓವರ್ಸಿಯರು ಕನಿಕರಪಟ್ಟು ಗಾಜು ಸೀಳಿದ ಒಂದು ಕಂಪಾಸನ್ನೂ ಎರಡು ಕೊಂಡಿ ಹೋದ ಒಂದು ಹಳೆ ಸರಪಳಿಯನ್ನೂ ಅವನಿಗೆ ಕೊಟ್ಟರು. ಅಲ್ಪನಿಗೆ ಐಶ್ವರ್ಯ ಬಂದರೆ ಏನಾಗುತ್ತದೆಂದು ಹಿರಿಯರು ಹೇಳಿಟ್ಟಿದ್ದಾರೆ. ಸಂಜೀವಪ್ಪ ಕೊಡೆ ಹಿಡಿಯಲಿಲ್ಲ, ಸರಪಳಿ ಹೆಗಲಿಗೆ ಹಾಕಿದ. ಹೊಲಕ್ಕೆ ಹೋದರೂ ಹೆಗಲ ಮೇಲೆ ಸರಪಳಿ, ಸಂತೆಗೆ ಹೋದರೂ ಹೆಗಲ ಮೇಲೆ ಸರಪಳಿ. ಅದಿಲ್ಲದೆ ನಡೆದರೆ ಮೈ ಒಂದು ಕಡೆಗೆ ವಾಲುತ್ತದೆ ಎನ್ನುತ್ತಿದ್ದ. ಹೆಂಡತಿ ಅಂಜಿನಮ್ಮ ಊಟಕ್ಕೆ ಬಡಿಸಿ, "ಅದನ್ನ ಕೆಳಗಿಟ್ಟು ಉಣ್ರೀ, ಮುದ್ದೆ ಏನು ಓಡೋಗಲ್ಲ" ಎಂದರೂ ಕೇಳುತ್ತಿರಲಿಲ್ಲ.

ಬಂದ ತಿಂಗಳೊಳಗೆ ಊರಿನ ಕೋನಗಳೆಲ್ಲ ಅವನ ವಶವಾದವು. ಹೆಂಚಿನ ಮಾಡಿನ ಇಳಿಜಾರು ಎಷ್ಟು ಡಿಗ್ರಿ, ನೇಗಿಲ ಮೇಣಿ ಎಷ್ಟು ಡಿಗ್ರಿ ವಾಲಿದೆ, ಗುಡಿಯ ಬಾಗಿಲು ಪೂರ್ವಕ್ಕೆ ಎರಡು ಡಿಗ್ರಿ ತಪ್ಪಿರುವುದರಿಂದಲೇ ಮೂರು ವರ್ಷದಿಂದ ಮಳೆ ಹಿಂದುಮುಂದಾಗಿದೆ. ಒಂದು ದಿನ ಊರ ಹಿರಿಯ ದೊಡ್ಡಮುನಿಯಪ್ಪ ಕೇಳಿಯೇಬಿಟ್ಟ.

"ಒಂದು ಸುತ್ತಿಗೆ ಮುನ್ನೂರ ಅರವತ್ತು ಡಿಗ್ರಿ ಅಂತೀಯಲ್ಲಪ್ಪ, ಯಾಕೆ ಮುನ್ನೂರ ಅರವತ್ತು? ಲೆಕ್ಕಕ್ಕೆ ಸಲೀಸಾಗಿ ನೂರು ಮಾಡ್ಬಾರ್ದಾಗಿತ್ತಾ?"

ಸಂಜೀವಪ್ಪನಿಗೆ ಗೊತ್ತಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷದ ಸರ್ಕಾರಿ ಅನುಭವ ಸುಮ್ಮನೆ ಹೋಗುತ್ತದೆಯೇ. "ಮೇಲಿಂದ ಆರ್ಡರು ಹಾಗೆ ಬಂದದೆ" ಎಂದ. ದೊಡ್ಡಮುನಿಯಪ್ಪ ತೃಪ್ತನಾಗಿ ಎಲೆ ಅಡಿಕೆ ಹಾಕಿಕೊಂಡ.

ಇನ್ನೊಮ್ಮೆ ಅಪ್ಪಯ್ಯಣ್ಣನ ಮಗನಿಗೆ ಜ್ವರ ಬಂದು, ತ್ಯಾಮಗೊಂಡ್ಲಿನ ಡಾಕ್ಟರು ಬಾಯಿಗೆ ಗಾಜಿನ ಕಡ್ಡಿ ಇಟ್ಟು ನೂರೆರಡು ಡಿಗ್ರಿ ಎಂದರಂತೆ. ಗಾಬರಿಯಾದ ಅಪ್ಪಯ್ಯಣ್ಣ ಬಂದು ಕೇಳಿದ್ದು ಇವನನ್ನೇ. ಸಂಜೀವಪ್ಪ ಕಣ್ಣು ಮುಚ್ಚಿ ಯೋಚಿಸಿ ವಿವರಿಸಿದ. ನೆಟ್ಟಗೆ ನಿಂತ ಮನುಷ್ಯ ತೊಂಬತ್ತು ಡಿಗ್ರಿ. ಹುಡುಗ ನೂರೆರಡು ಎಂದರೆ ಹನ್ನೆರಡು ಡಿಗ್ರಿ ಹಿಂದಕ್ಕೆ ವಾಲಿದ್ದಾನೆ, ಅಂಥವನನ್ನು ನಿಲ್ಲಿಸಬಾರದು, ಮಲಗಿಸಬೇಕು. ಮಲಗಿಸಿದರು. ನಾಲ್ಕು ದಿನಕ್ಕೆ ಜ್ವರ ಬಿಟ್ಟಿತು. ಡಾಕ್ಟರ ಔಷಧಿಯ ಹೆಸರನ್ನು ಯಾರೂ ಎತ್ತಲಿಲ್ಲ. ಅಂದಿನಿಂದ ಅವನು ಡಿಗ್ರಿ ಸಂಜೀವಪ್ಪನಾದ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಮಾರನೆಯ ವರ್ಷ ಅವನೂ ತಮ್ಮ ಪಿಳ್ಳಪ್ಪನೂ ಬೇರೆಯಾಗುವುದೆಂದು ತೀರ್ಮಾನವಾಯಿತು. ಜಗಳವೇನೂ ಇಲ್ಲ, ಮಕ್ಕಳುಮರಿ ಜಾಸ್ತಿಯಾಗಿ ಮನೆ ಸಾಲದಾಗಿತ್ತು ಅಷ್ಟೆ. ಇದ್ದ ಆಸ್ತಿಯಲ್ಲಿ ಮುಖ್ಯವಾದದ್ದು ಊರ ಪೂರ್ವದ ತೋಟ, ತೋಟದಲ್ಲಿ ಮುಖ್ಯವಾದದ್ದು ಬಾವಿ. ಸುತ್ತಲ ಬಾವಿಗಳೆಲ್ಲ ಸವುಳು, ಇದೊಂದು ಸಿಹಿನೀರು. ಅಂಜಿನಮ್ಮ ಮದುವೆಯಾಗಿ ಬಂದಾಗ ಮಾವನ ಜೊತೆ ನಿಂತು ಮಣ್ಣು ಹೊತ್ತು ತೋಡಿಸಿದ ಬಾವಿ. ದೊಡ್ಡಮುನಿಯಪ್ಪನ ಪಂಚಾಯ್ತಿಯಲ್ಲಿ ಮಾತಾಯಿತು. ಬಾವಿ ಸೇರಿ ಉತ್ತರದ ಭಾಗ ಅಣ್ಣನಿಗೆ, ಅದಕ್ಕೆ ಬದಲಾಗಿ ಮಾವಿನ ಮರಗಳಿರುವ ದಕ್ಷಿಣದ ದೊಡ್ಡ ಭಾಗ ತಮ್ಮನಿಗೆ. ಪಡುವಣ ಬದುವಿನ ಕಲ್ಲಿನಿಂದ ಮೂಡಣ ಬದುವಿನ ಬೇವಿನ ಮರಕ್ಕೆ ಹಗ್ಗ ಎಳೆದರೆ ಗೆರೆ ಬಾವಿಯಿಂದ ಹತ್ತು ಹೆಜ್ಜೆ ದಕ್ಷಿಣಕ್ಕೆ ಹೋಗುತ್ತದೆ. ಹಗ್ಗ ಎಳೆದು ಸುಣ್ಣ ಸುರಿದಿದ್ದರೆ ರೊಟ್ಟಿ ತಿನ್ನುವ ಹೊತ್ತಿಗೆ ಕೆಲಸ ಮುಗಿಯುತ್ತಿತ್ತು.

"ಹಗ್ಗ ದನ ಕಟ್ಟಕ್ಕೆ" ಎಂದ ಸಂಜೀವಪ್ಪ. "ನಮ್ಮ ಇಲಾಖೇಲಿ ಗೆರೆ ಅಂದ್ರೆ ಡಿಗ್ರಿ."

ಊರೆಲ್ಲ ನೋಡಲು ನೆರೆಯಿತು. ಅವನು ಕಲ್ಲಿನ ಹಿಂದೆ ನಿಂತು, ಎಲ್ಲರನ್ನೂ, "ಏಯ್, ದೂರ ಹೋಗಿ ನಿಂತ್ಕೊಳ್ಳಿ" ಎಂದು ಗದರಿಸಿದ. ಆ ಮಾತು ಹೇಳುವ ಸುಖಕ್ಕಾಗಿ ಇಪ್ಪತ್ತೆರಡು ವರ್ಷ ಕಾದಿದ್ದ. ಎಲ್ಲರೂ ದೂರ ಹೋದರು. ಸರಪಳಿ ಮಾತ್ರ ಹೆಗಲ ಮೇಲೆಯೇ ಇತ್ತು. ಕಂಪಾಸನ್ನು ಎದೆಯ ಮಟ್ಟಕ್ಕೆ ಹಿಡಿದು ಬೇವಿನ ಮರಕ್ಕೆ ಗುರಿಯಿಟ್ಟು ಮುಳ್ಳು ನಿಲ್ಲುವ ತನಕ ಉಸಿರು ಕಟ್ಟಿ, "ತೊಂಬತ್ತನಾಲ್ಕು ಡಿಗ್ರಿ" ಎಂದು ಘೋಷಿಸಿದ.

ಪತ್ರ ಬರೆಯುತ್ತಿದ್ದ ಶಾನುಭೋಗರು, "ಬೇವಿನ ಮರ ಅಂತಲೂ ಸೇರಿಸಲಾ?" ಎಂದರು.

"ಬ್ಯಾಡಿ ಸ್ವಾಮಿ. ಮರ ಇವತ್ತಿರ್ತದೆ, ನಾಳೆ ಸೌದೆ ಆಗ್ತದೆ. ಡಿಗ್ರಿ ಸಾಯಲ್ಲ."

"ಬಾವಿ ದೊಡ್ಡವನಿಗೆ ಅಂತ?"

"ಗೆರೆಯಿಂದ ಉತ್ತರಕ್ಕೆ ಇರೋದೆಲ್ಲ ನಂದು, ದಕ್ಷಿಣಕ್ಕೆ ಇರೋದೆಲ್ಲ ಅವುಂದು. ಡಿಗ್ರಿ ಬರೆದ್ಮೇಲೆ ಬಾವಿ ಹೆಸರು ಯಾಕೆ?"

ಇದ್ದಿಲ ಬಸ್ಸಿನಲ್ಲಿ ನೆಲಮಂಗಲಕ್ಕೆ ಹೋಗಿ ಪತ್ರ ರಿಜಿಸ್ಟರ್ ಮಾಡಿಸಿದರು. ಸಂಜೀವಪ್ಪ ರುಜು ಹಾಕಿದ, ಪಿಳ್ಳಪ್ಪ ಹೆಬ್ಬೆಟ್ಟು ಒತ್ತಿದ.

ಆರು ತಿಂಗಳ ಮೇಲೆ ಗಡಿಕಲ್ಲು ನೆಡಿಸಲು ಮೋಜಿಣಿದಾರರು ಬಂದರು. ಅಳತೆಯಲ್ಲಿ ನುರಿತವರು, ಮಾತು ಕಡಿಮೆ. ಸಂಜೀವಪ್ಪ ತಾನೂ ಇಲಾಖೆಯವನೆಂದು ತೋರಿಸಲು ಸರಪಳಿ ಸಮೇತ ಅವರ ಮಗ್ಗುಲಲ್ಲೇ ಹೋಗಿ ನಿಂತ. ಅವರು ಕಂಪಾಸು ತೆಗೆದವರು ಅವನ ಹೆಗಲನ್ನು ನೋಡಿ, "ಏನಪ್ಪಾ, ಆ ಕಬ್ಬಿಣ ತಗೊಂಡು ದೂರ ಹೋಗು. ಹತ್ತಿರ ಇದ್ರೆ ಮುಳ್ಳನ್ನ ಎಳೆದುಬಿಡ್ತದೆ, ಡಿಗ್ರಿ ಎಲ್ಲ ಸುಳ್ಳಾಗ್ತದೆ" ಎಂದರು.

ಸಂಜೀವಪ್ಪ ದೂರ ಹೋದ. ಓವರ್ಸಿಯರು ಇಪ್ಪತ್ತೆರಡು ವರ್ಷ ದೂರ ಓಡಿಸುತ್ತಿದ್ದದ್ದು ಅವನನ್ನಲ್ಲ, ಅವನ ಹೆಗಲ ಮೇಲಿನ ಕಬ್ಬಿಣವನ್ನು. ಮಂತ್ರವೂ ಇಲ್ಲ, ಉಪದೇಶವೂ ಇಲ್ಲ. ಅಷ್ಟು ವರ್ಷದ ಭಕ್ತಿಯನ್ನು ನೆನೆದು ಅವನಿಗೆ ನಾಚಿಕೆಯಾಯಿತು, ಆಮೇಲೆ ಹೆದರಿಕೆಯಾಯಿತು.

ಹೆದರಿದ್ದು ಸರಿಯಾಗಿಯೇ ಇತ್ತು. ಮೋಜಿಣಿದಾರರು ಪತ್ರದಲ್ಲಿದ್ದ ತೊಂಬತ್ತನಾಲ್ಕು ಡಿಗ್ರಿಗೆ ಗುರಿಯಿಟ್ಟು ಗೆರೆ ಎಳೆಸಿದರು. ಗೆರೆ ಬೇವಿನ ಮರದ ಕಡೆ ತಿರುಗಿಯೂ ನೋಡದೆ ಉತ್ತರಕ್ಕೆ ಸರಿದು, ಬಾವಿಯ ಆಚೆ ಬದಿಯಿಂದ ಐದು ಹೆಜ್ಜೆ ಬಿಟ್ಟು ಹಾದುಹೋಯಿತು. ಬಾವಿ ತಮ್ಮನ ಪಾಲಿಗೆ ಬಿತ್ತು. ಮರಕ್ಕೆ ಗುರಿಯಿಟ್ಟು ನೋಡಿದರೆ ಸರಿಯಾಗಿ ನೂರು ಡಿಗ್ರಿ. ಹೆಗಲ ಮೇಲಿನ ಸರಪಳಿ ಆರು ಡಿಗ್ರಿ ತಿಂದಿತ್ತು.

ದೊಡ್ಡಮುನಿಯಪ್ಪ ಮುಂದೆ ಬಂದ. "ಇದ್ಯಾಕೋ ಸರಿಯಿಲ್ಲ ಸ್ವಾಮಿ. ನಾವೆಲ್ಲ ಮಾತಾಡಿದ್ದು ಬಾವಿ ದೊಡ್ಡವನಿಗೆ ಅಂತ."

"ಪತ್ರದಲ್ಲಿ ಹಾಗಿಲ್ಲ" ಎಂದರು ಮೋಜಿಣಿದಾರರು. "ಅಳೆಯೋವಾಗ ತಪ್ಪಾಗಿದ್ರೆ ಹೇಳ್ಲಿ, ಇಬ್ರೂ ಒಪ್ಪಿ ತಿದ್ದುಪಡಿ ಪತ್ರ ಮಾಡ್ಕೊಳ್ಳಿ. ಹತ್ತಿರ ಕಬ್ಬಿಣ ಗಿಬ್ಬಿಣ ಏನಾದ್ರೂ ಇತ್ತಾ?"

ಪಿಳ್ಳಪ್ಪ ತಕ್ಷಣ, "ಅಣ್ಣ ತಪ್ಪಾಗದೆ ಅನ್ಲಿ ಸ್ವಾಮಿ, ನಾನು ಇವತ್ತೇ ಹೆಬ್ಬೆಟ್ಟು ಒತ್ತೀನಿ" ಎಂದ.

ಇದಕ್ಕಿಂತ ಸುಲಭವಾದ ಪರೀಕ್ಷೆ ದೇವರು ಯಾರಿಗೂ ಒಡ್ಡಿರಲಾರ. ಒಂದೇ ಒಂದು ಮಾತು, ತಪ್ಪಾಯ್ತು. ಬಾವಿ ವಾಪಸ್ಸು. ಸಂಜೀವಪ್ಪ ಬಾಯಿ ತೆರೆದ. ಎದುರಿಗೆ ಇಡೀ ಊರು ನಿಂತಿತ್ತು. ಗುಡಿಯ ಬಾಗಿಲಿಗೆ ಎರಡು ಡಿಗ್ರಿ ತಪ್ಪು ಹುಡುಕಿಸಿಕೊಂಡ ಪೂಜಾರಿ ಎಲ್ಲರಿಗಿಂತ ಮುಂದೆ ನಿಂತಿದ್ದ, ಬಹಳ ಆಸೆಯಿಂದ.

"ಡಿಗ್ರಿ ತಪ್ಪಿಲ್ಲ ಸ್ವಾಮಿ" ಎಂದ ಸಂಜೀವಪ್ಪ. "ನಾನು ಬೇಕು ಅಂತ್ಲೇ ಹಾಗೆ ಬರೆಸಿದ್ದು. ತಮ್ಮಂಗೆ ಮಕ್ಕಳು ಜಾಸ್ತಿ, ಬಾವಿ ಅವನ ಕಡೆ ಹೋಗ್ಲಿ ಅಂತ. ಮೊದ್ಲೇ ಹೇಳಿದ್ರೆ ಅವನು ಒಪ್ತಿರ್ಲಿಲ್ಲ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಇಲ್ಲಿ ಮೀಸೆಗೆ ಹೂವಿನ ಹಾರವೇ ಬಿತ್ತು. ಪಿಳ್ಳಪ್ಪ ಅಳುತ್ತಾ ಬಂದು ಅಣ್ಣನ ಕಾಲು ಹಿಡಿದ. ದೊಡ್ಡಮುನಿಯಪ್ಪನ ಕಣ್ಣಲ್ಲೂ ನೀರು. ಅಣ್ಣ ತಮ್ಮ ಎಂದರೆ ಹೀಗಿರಬೇಕು ಎಂದು ಊರು ಮಾತಾಡಿಕೊಂಡಿತು. ಪೂಜಾರಿ ಮಾತ್ರ ಬರಿಗೈಯಲ್ಲಿ ಮನೆಗೆ ಹೋದ.

ಅಂಜಿನಮ್ಮ ಎಲ್ಲವನ್ನೂ ಹುಣಸೆ ಮರದ ಕೆಳಗೆ ನಿಂತು ನೋಡಿದ್ದಳು. ಮನೆಗೆ ಬಂದ ಮೇಲೆ ಗಂಡನ ಮುಂದೆ ಖಾಲಿ ಕೊಡ ತಂದಿಟ್ಟಳು.

"ಅವತ್ತು ಸರಪಳಿ ಹೆಗಲ ಮೇಲೇ ಇತ್ತು. ನಾನು ಕಣ್ಣಾರೆ ನೋಡಿದೀನಿ" ಎಂದಳು. "ಆ ಬಾವಿಗೆ ನಾನು ಬಸುರೀಲಿ ಮಣ್ಣು ಹೊತ್ತಿದೀನಿ. ಈಗ ಓರಗಿತ್ತಿ ಬಾವಿ ಅಂತ ಹೋಗಿ ನಿಂತ್ಕೊಳ್ಳಕ್ಕೆ ನನ್ ಕೈಲಾಗಲ್ಲ. ದಾನ ಕೊಟ್ಟೋರು ನೀವು, ನೀವೇ ಸೇದಿ ತನ್ನಿ. ಎಲ್ಲಿವರ್ಗೂ ಅಂದ್ರೆ, ಆ ಒಂದು ಮಾತು ಬಾಯಲ್ಲಿ ಬರೋವರ್ಗೂ."

ಮಾರನೆಯ ಬೆಳಗ್ಗೆ ಡಿಗ್ರಿ ಸಂಜೀವಪ್ಪ ಕೊಡ ಹೊತ್ತು ತಮ್ಮನ ಬಾವಿಗೆ ಹೋದ. ಗಂಡಸು ನೀರು ಹೊರುವುದು ಆ ಊರಿನಲ್ಲಿ ಯಾರೂ ಕಂಡದ್ದಲ್ಲ. ಪಿಳ್ಳಪ್ಪನ ಹೆಂಡತಿ ಸೊಣ್ಣಮ್ಮ ಗಾಬರಿಯಾಗಿ, "ಯಾಕ್ ಭಾವ, ನೀವು? ಅಕ್ಕ ಎಲ್ಲಿ?" ಎಂದಳು.

"ಅವಳಿಗೆ ಮೈ ಹುಷಾರಿಲ್ಲ" ಎಂದ.

ಅಂಜಿನಮ್ಮನಿಗೆ ಐದು ವರ್ಷ ಮೈ ಹುಷಾರಿರಲಿಲ್ಲ. ರಾಗಿ ಬೀಸುತ್ತಿದ್ದಳು, ಕಳೆ ಕೀಳುತ್ತಿದ್ದಳು, ತ್ಯಾಮಗೊಂಡ್ಲು ಸಂತೆಗೆ ತಲೆಯ ಮೇಲೆ ಕುಂಬಳಕಾಯಿ ಹೊತ್ತು ನಡೆಯುತ್ತಿದ್ದಳು. ನೀರಿನ ವಿಚಾರಕ್ಕೆ ಮಾತ್ರ ಕಾಯಿಲೆ. ಊರು ಇದನ್ನೂ ಸಂಜೀವಪ್ಪನ ಹೆಸರಿಗೇ ಸೇರಿಸಿ, ಹೆಂಡತಿಯನ್ನು ಎಂಥ ಅಕ್ಕರೆಯಿಂದ ನೋಡಿಕೊಳ್ಳುತ್ತಾನೆ ಎಂದು ಹೊಗಳಿತು. ಅವನು ಡಿಗ್ರಿಯ ಮಾತು ಆಡುವುದು ಕಡಿಮೆಯಾಯಿತು. ಯಾರಾದರೂ ಮಾಡಿನ ಇಳಿಜಾರು ಕೇಳಿದರೆ, "ನೀರು ಇಳಿದ್ರೆ ಸಾಕು ಬಿಡು" ಎನ್ನುವನು.

ನಲವತ್ತೆಂಟರ ಬೇಸಿಗೆಯಲ್ಲಿ ಅವನ ಸೊಂಟ ಹಿಡಿಯಿತು. ಮೂರನೆಯ ಕೊಡ ಎತ್ತಲಾಗದೆ ಬಾವಿಯ ಕಟ್ಟೆಯ ಮೇಲೆ ಕುಳಿತ. ಪಿಳ್ಳಪ್ಪ ಓಡಿ ಬಂದು ಬೆನ್ನು ನೀವಿದ. ಆ ಕೈ ಬೆನ್ನ ಮೇಲಿರುವಾಗ ಸಂಜೀವಪ್ಪನಿಗೆ ತಡೆಯಲಾಗಲಿಲ್ಲ.

"ಪಿಳ್ಳ, ತಪ್ಪಾಯ್ತು ಕಣೋ. ಅವತ್ತು ಸರಪಳಿ ಹೆಗಲ ಮೇಲಿತ್ತು. ಮುಳ್ಳು ತಿರುಗಿತ್ತು. ನಾನೇನೂ ದಾನ ಕೊಡ್ಲಿಲ್ಲ. ಮರ್ಯಾದೆಗೆ ಅಂಜಿ ಸುಳ್ಳು ಹೇಳಿದೆ."

ಪಿಳ್ಳಪ್ಪನ ಕಣ್ಣು ತುಂಬಿ ಬಂತು.

"ಸೊಣ್ಣೀ, ಕೇಳಿದ್ಯಾ ಅಣ್ಣನ ಮಾತು" ಎಂದು ಹೆಂಡತಿಯನ್ನು ಕರೆದ. "ಬಾವಿ ಕೊಟ್ಟ ಋಣ ನನ್ನ ತಲೆ ಮೇಲೆ ಇರ್ಬಾರ್ದು ಅಂತ, ತಪ್ಪಾಗಿ ಕೊಟ್ಟೆ ಅಂತಾವ್ನೆ. ಇಂಥಾ ಮನುಷ್ಯ ಎಲ್ಲವ್ನೆ ಹೇಳು."

"ನಿಜ ಕಣೋ" ಎಂದ ಸಂಜೀವಪ್ಪ. "ನಿಮ್ಮತ್ತಿಗೇನ ಕೇಳು."

"ಅತ್ತಿಗೆ ಇನ್ನೇನ್ ಹೇಳ್ತಾರೆ, ನಿನ್ ಮಾತು ಮೀರ್ತಾರಾ?" ಎಂದು ಪಿಳ್ಳಪ್ಪ ಕೈಮುಗಿದ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹಬ್ಬಿ, ಸಂಜೀವಪ್ಪನ ದೊಡ್ಡತನ ಇನ್ನೊಂದು ಮೆಟ್ಟಿಲು ಏರಿತು.

ಅವನು ಅರ್ಧ ಕೊಡ ನೀರು ಹೊತ್ತು ಕುಂಟುತ್ತಾ ಮನೆಗೆ ಬಂದ. ಅಂಜಿನಮ್ಮ ಹೊಸಿಲ ಹತ್ತಿರ ಸೊಪ್ಪು ಬಿಡಿಸುತ್ತಿದ್ದಳು.

"ಹೇಳ್ಬಿಟ್ಟೆ" ಎಂದ.

"ಯಾರಿಗೆ?"

"ಪಿಳ್ಳನಿಗೆ. ತಪ್ಪಾಯ್ತು ಅಂದೆ. ಸರಪಳಿ ವಿಚಾರಾನೂ ಹೇಳ್ದೆ."

"ಏನಂದ?"

"ನಂಬಲಿಲ್ಲ."

ಅಂಜಿನಮ್ಮ ಸೊಪ್ಪನ್ನು ಮೊರಕ್ಕೆ ಹಾಕಿ ಎದ್ದಳು. ಅವನ ಹೆಗಲಿನಿಂದ ಕೊಡ ಇಳಿಸಿಕೊಂಡು, ಇದ್ದ ನೀರನ್ನು ಹಂಡೆಗೆ ಸುರಿದು, ಖಾಲಿ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡಳು.

"ನೀವು ಮಲಗಿ, ಬೆನ್ನಿಗೆ ಬಂದು ಹರಳೆಣ್ಣೆ ಹಚ್ತೀನಿ" ಎಂದು ಹೇಳಿ, ಬಾವಿಯ ಕಡೆಗೆ ಹೊರಟಳು.