ದೇವರ ರಾಗದಲ್ಲಿ ಗಂಜಿ

ಮೊನ್ನೆ ಮೊಣಕಾಲು ನೋವೆಂದು ಬನ್ನಂಜೆಯಲ್ಲಿ ವ್ಯಾಯಾಮ ಮಾಡಿಸುವಲ್ಲಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ಕಾಲಿಗೆ ಅದೇನೋ ವಯರು ಅಂಟಿಸಿ, ಮೊಬೈಲಿನಲ್ಲಿ ಕೊಳಲು ಹಾಕಿ, "ಇದನ್ನು ಕೇಳ್ತಾ ಇರಿ ಆಂಟಿ, ಅರ್ಧ ನೋವು ಕಡಿಮೆ ಆಗ್ತದೆ" ಎಂದಳು. ನಾನು ತಲೆಯಾಡಿಸಿದೆ. ಉಳಿದರ್ಧಕ್ಕೆ ತಬಲ ಉಂಟಾ ಎಂದು ಮನಸ್ಸಿನಲ್ಲೇ ಕೇಳಿದೆ.

ಸಂಶಯ ನನ್ನ ಹುಟ್ಟುಗುಣ. ಹಾಲಿಗೆ ಬೆರಳು ಅದ್ದಿ ನೋಡದೆ ಒಳಗೆ ತಂದವಳಲ್ಲ. ಜೋಯಿಸರು ಒಳ್ಳೆಯದು ಹೇಳಿದರೆ, ಇವರಿಗೆ ಯಾರು ಹೇಳಿಕೊಟ್ಟರು ಎಂದು ಯೋಚಿಸುವವಳು. ಇದನ್ನೆಲ್ಲ ಜಾಣತನವೆಂದೇ ತಿಳಿದು ಅರ್ಧ ಆಯುಷ್ಯ ಕಳೆದೆ. ಆದರೆ ಆ ಕೊಳಲು ಕೇಳುತ್ತ ಮಲಗಿದವಳಿಗೆ ಎಂಬತ್ತರ ದಶಕದ ನಮ್ಮೂರು ಕಾಪು ನೆನಪಾಯಿತು, ನಮ್ಮ ಅತ್ತೆ ನೆನಪಾದರು.

ಅತ್ತೆಯ ಬಾಯಿ ಜೋರು. ಅವರು ಬೈದರೆ ಕಡಲ ಬದಿಯಲ್ಲಿ ಬಲೆ ಎಳೆಯುವವರಿಗೂ ಕೇಳುತ್ತದೆ ಎಂದು ಹೇಳುತ್ತಿದ್ದವರು ಬೇರೆ ಯಾರೂ ಅಲ್ಲ, ಅವರ ಸ್ವಂತ ಮಗ, ನಮ್ಮ ಯಜಮಾನರು. ಕಾರ್ಕಳದ ಶಾಲೆಯೊಂದರಲ್ಲಿ ನನಗೆ ಟೀಚರ್ ಕೆಲಸದ ಆರ್ಡರ್ ಬಂದಾಗ ಆ ಬಾಯಿ ಎರಡು ದಿನ ಮುಚ್ಚಲಿಲ್ಲ. "ಸೊಸೆ ಬಸ್ಸಿನಲ್ಲಿ ತಿರುಗಿದರೆ ಒಲೆ ಯಾರು ಹೊತ್ತಿಸುವುದು?" ಒಂದು ತಿಂಗಳೊಳಗೆ ಹಾಜರಾಗಬೇಕಿತ್ತು. ನಾನು ಹೋಗುವುದೇ ಎಂದೆ. ಮೂರನೆಯ ದಿನ ಬೆಳಿಗ್ಗೆ ಅತ್ತೆ ಬಚ್ಚಲಿನ ಹತ್ತಿರ ಬಿದ್ದರು. ಪಾರ್ಶ್ವವಾಯುವೆಂದು ಮಣಿಪಾಲದ ಆಸ್ಪತ್ರೆಯಲ್ಲಿ ಒಂದು ವಾರ ಇದ್ದು ಮನೆಗೆ ಬಂದಾಗ ಬಲಗೈ ಜೋಲುತ್ತಿತ್ತು, ಮಾತು ಪೂರ್ತಿ ನಿಂತಿತ್ತು.

ಸರಿಯಾಗಿ ಮೂರನೆಯ ದಿನ! ನೀವಾದರೂ ಸಂಶಯಪಡುತ್ತಿರಲಿಲ್ಲವೇ?

ಜೋಲುವ ಕೈ ಕಣ್ಣಿಗೆ ಕಾಣುತ್ತಿತ್ತು, ಹಾಗಾಗಿ ಸುಮ್ಮನಿದ್ದೆ. ಅಂದು ಮುಸ್ಸಂಜೆ ದೀಪ ಹಚ್ಚಿ ಎಂದಿನ ಭಜನೆ ಎತ್ತಿದೆವು. ಮೂಲೆಯ ಮಂಚದಿಂದ ಅತ್ತೆಯ ಧ್ವನಿ ಬಂದು ಸೇರಿತು, ಒಂದಕ್ಷರ ತಪ್ಪಿಲ್ಲ. ಭಜನೆ ಮುಗಿದ ಕೂಡಲೇ ನೀರು ಬೇಕೇ ಎಂದು ಕೇಳಿದೆ. "ಆ... ಆ..." ಎಂದರು, ಅಷ್ಟೇ. ಇಡೀ ಭಜನೆ ಹಾಡುವ ನಾಲಗೆಗೆ ನೀರು ಕೇಳಲು ಬರುವುದಿಲ್ಲವೇ? ಕೈ ಬಿದ್ದದ್ದು ನಿಜ, ಬಾಯಿ ಬಿದ್ದದ್ದು ಸುಳ್ಳು ಎಂದು ಅಲ್ಲೇ ತೀರ್ಮಾನಿಸಿದೆ.

ಆಮೇಲೆ ದಿನ ಬಿಟ್ಟು ದಿನ ಅತ್ತೆಯನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕಾಯಿತು. ಅಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ಕುತ್ತಿಗೆಯಲ್ಲಿ ಸ್ಟೆತಸ್ಕೋಪಿಲ್ಲ, ಸೂಜಿಯಿಲ್ಲ, ಔಷಧದ ಚೀಟಿಯಿಲ್ಲ, ಮೇಜಿನ ಮೇಲೆ ಒಂದು ಟೇಪ್ ರೆಕಾರ್ಡರ್. ಇವರೆಂಥ ಡಾಕ್ಟರು! ಅತ್ತೆಯ ಎಡಗೈಯಿಂದ ಅವರದೇ ತೊಡೆಯನ್ನು ತಟ್ಟಿಸುತ್ತ, ಆ ಭಜನೆಯ ಧಾಟಿಯಲ್ಲಿಯೇ "ನೀರು ಬೇಕು, ಗಂಜಿ ಬೇಕು" ಎಂದು ಹಾಡಿಸುತ್ತಿದ್ದರು. ಮಾತಿನ ದಾರಿ ಕಟ್ಟಿಹೋದರೂ ಹಾಡಿನ ದಾರಿ ತೆರೆದಿರುತ್ತದಂತೆ. ಅಂತೆ ಕಂತೆಗಳ ಸಂತೆ ಎಂದುಕೊಂಡೆ. ಯಜಮಾನರ ಸಂಕಟವೇ ಬೇರೆ. "ದೇವರ ರಾಗದಲ್ಲಿ ಗಂಜಿ ಕೇಳುವುದು ಎಂತ ಕ್ರಮ ಮಾರಾಯ್ತಿ? ನಾಳೆ ಬಚ್ಚಲಿಗೆ ಹೋಗ್ಲಿಕ್ಕೂ ಅದೇ ರಾಗವಾ?"

ಅತ್ತೆಯ ಅಭ್ಯಾಸ ಮುಗಿದ ಮೇಲೆ ಮೇಡಂ ನನ್ನನ್ನು ಹಿಡಿದು ಕೂರಿಸುತ್ತಿದ್ದರು. "ಇನ್ನು ನಿಮ್ಮ ಹತ್ರ ಸ್ವಲ್ಪ ಮಾತಾಡ್ಲಿಕ್ಕೆ ಉಂಟು."

"ನನಗೆಂತ? ನನಗೆ ಎಂತದೂ ಆಗ್ಲಿಲ್ಲ."

"ನಿದ್ದೆ ಬರ್ತದಾ?"

ಮನೆಯ ಗುಟ್ಟು ತಿಳಿಯುವ ಉಪಾಯ ಇದೆಂದು ನಾನು ತುಟಿ ಬಿಚ್ಚಲಿಲ್ಲ.

ಕೆಲಸಕ್ಕೆ ಸೇರಲು ಎಂಟೇ ದಿನ ಉಳಿದವು. ಅತ್ತೆಯದು ನಾಟಕವಾದರೆ ನಾನು ಹೋಗಬಹುದು, ನಿಜವಾದರೆ ಕೆಲಸ ಹೋಯಿತು. ಪರೀಕ್ಷೆ ಮಾಡಿಯೇ ಬಿಡುವುದೆಂದು ನಿಶ್ಚಯಿಸಿದೆ. ನಮ್ಮ ಮನೆಯಲ್ಲಿ ಶನಿವಾರ ಮೀನಿಲ್ಲ. ಮೀನಿನ ಪಾತ್ರೆ ಮುಟ್ಟಿದರೂ ಅತ್ತೆ ಬಿಡುತ್ತಿರಲಿಲ್ಲ. ಆ ಶನಿವಾರ ಯಜಮಾನರು ಪೇಟೆಗೆ ಹೋದದ್ದೇ ತಡ, ಅತ್ತೆಗೆ ಕಾಣುವಂತೆ ಅಡುಗೆಮನೆಯ ಬಾಗಿಲು ತೆರೆದಿಟ್ಟು, ಕೆಂಡದ ಮೇಲೆ ಒಣಮೀನು ಸುಟ್ಟೆ. ಒಣಮೀನಿನ ವಾಸನೆ ನಿಮಗೆ ಗೊತ್ತಲ್ಲ, ಮೂರು ಮನೆಗೆ ಡಂಗುರ ಸಾರುತ್ತದೆ. ಈಗ ಬಾಯಿ ಬಿಡಲೇಬೇಕು ಎಂದು ಇಕ್ಕಳ ಹಿಡಿದು ಕಾದೆ.

ಬಿಟ್ಟರು. ತುಟಿ ನಡುಗಿತು, ಕುತ್ತಿಗೆಯ ನರ ಉಬ್ಬಿತು, ಹಣೆಯಲ್ಲಿ ಬೆವರೊಡೆಯಿತು. ಬೈಗುಳ ಗಂಟಲವರೆಗೆ ಬಂದು ನಿಂತದ್ದು ನನಗೇ ಕಾಣುತ್ತಿತ್ತು. ಎಡಗೈಯಿಂದ ಮಂಚದ ಪಟ್ಟಿಯನ್ನು ಗುದ್ದಿದರು, ಗುದ್ದುತ್ತಲೇ ಇದ್ದರು. ಕೊನೆಗೆ ಆ ಬಾಯಿಂದ ಹೊರಟದ್ದು ಮುಸ್ಸಂಜೆಯ ಭಜನೆ! ಬೆಳಗಿನ ಹನ್ನೊಂದು ಗಂಟೆಗೆ, ದೇವರ ಒಂದೊಂದು ಹೆಸರನ್ನೂ ನನ್ನ ಮುಖಕ್ಕೆ ಎಸೆದು ಎಸೆದು ಹಾಡಿದರು. ಬೈಯಲು ಅವರ ಹತ್ತಿರ ಉಳಿದದ್ದು ಅದೊಂದೇ. ಕಣ್ಣಿಂದ ನೀರು ಇಳಿಯುತ್ತಿತ್ತು. ಅದು ನಾಟಕವಲ್ಲವೆಂದು ನನ್ನಂಥವಳಿಗೂ ಗೊತ್ತಾಯಿತು. ಮೀನನ್ನು ತೆಂಗಿನ ಬುಡಕ್ಕೆ ಎಸೆದು ಬಂದು, "ಇವತ್ತು ಶನಿವಾರ ಅಂತ ಮರೆತೇ ಹೋಯಿತು ಮಾಮಿ" ಎಂದೆ. ತುಳುವಿನಲ್ಲಿ ಅತ್ತೆಗೆ ಮಾಮಿ ಎನ್ನುತ್ತೇವೆ.

ಮರುವಾರ ಮೇಡಂ "ನಿದ್ದೆ ಬರ್ತದಾ" ಎಂದದ್ದೇ ಅತ್ತುಬಿಟ್ಟೆ. ಆರ್ಡರು, ಒಣಮೀನು, ಎಲ್ಲ ಹೇಳಿದೆ. ಅವರು ಬೈಯಲಿಲ್ಲ.

"ಕೆಲಸಕ್ಕೆ ಹೋಗುವ ವಿಷಯ ಅವರನ್ನೇ ಕೇಳಿದ್ರಾ?"

"ಅವರಿಗೆ ಮಾತು ಬರುವುದಿಲ್ಲವಲ್ಲ ಮೇಡಂ."

"ಕಿವಿ ಕೇಳ್ತದಲ್ಲ?"

ನಿಜ. ಬಿದ್ದ ದಿನದಿಂದ ನೀರು, ಗಂಜಿ ಬಿಟ್ಟು ಅತ್ತೆಯನ್ನು ನಾವು ಏನನ್ನೂ ಕೇಳಿರಲಿಲ್ಲ. ಅಳು ನಿಂತ ಮೇಲೆ ನಾನೂ ಒಂದು ಮಾತು ಹೇಳಿದೆ. ನಮ್ಮಲ್ಲಿ ದೇವರಿಗೆ ಕನ್ನಡ, ಒಲೆಯ ಬುಡದಲ್ಲಿ ತುಳು. ಅತ್ತೆ ಜನ್ಮದಲ್ಲಿ ಕನ್ನಡದಲ್ಲಿ ನೀರು ಕೇಳಿದವರಲ್ಲ. ಮೇಡಂ ಹಣೆ ಚಚ್ಚಿಕೊಂಡು ನಕ್ಕರು. ಅದೇ ಧಾಟಿಯಲ್ಲಿ ತುಳುವಿನಲ್ಲಿ "ನೀರ್ ಬೋಡು" ಎಂದು ಎತ್ತಿಕೊಟ್ಟದ್ದೇ ಅತ್ತೆಯ ತುಟಿ ಹಿಡಿದುಕೊಂಡಿತು.

ಆ ಸಂಜೆ ಅತ್ತೆಯ ಹತ್ತಿರ ಕೂತು ಕೇಳಿದೆ, "ಮಾಮಿ, ನಾನು ಶಾಲೆಗೆ ಹೋಗ್ಲಾ?" ಅವರ ಎಡಗೈ ತೊಡೆ ತಟ್ಟಲು ತೊಡಗಿತು. ಒಮ್ಮೆ ತಪ್ಪಿತು, ಮತ್ತೊಮ್ಮೆ ತಪ್ಪಿತು. ಆಮೇಲೆ ದೇವರ ರಾಗದಲ್ಲಿ ನಿಧಾನವಾಗಿ, "ಪೋ... ಶಾಲೆಗ್ ಪೋ..." ಎಂದರು. ಹೋಗು ಎಂದದ್ದು. ಹುಟ್ಟುಗುಣ ಆಗಲೂ ಬಿಡಲಿಲ್ಲ, ಇದು ಒಪ್ಪಿಗೆಯೋ ತೊಲಗು ಎಂದದ್ದೋ ಎಂದು ಮುಖ ನೋಡಿದೆ. ಅತ್ತೆ ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿ, ಒಲೆಯತ್ತ ಬೆರಳು ತೋರಿಸಿದರು. ಒಲೆ ಯಾರು ಹೊತ್ತಿಸುವುದೆಂಬುದು ಹಾಗೆ ಇತ್ಯರ್ಥವಾಯಿತು.

ಕೆಮ್ಮಣ್ಣು ಊರಿನಿಂದ ನಾದಿನಿ ಬಂದು ಹಗಲು ನೋಡಿಕೊಂಡರು. ನಾನು ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋಗಿ ಬಂದೆ, ನಿವೃತ್ತಿಯವರೆಗೂ. ಸಂಗೀತ ಅತ್ತೆಯನ್ನು ಗುಣ ಮಾಡಿತೆಂದು ನಾನು ಹೇಳಲಾರೆ. ಬಲಗೈ ಕೊನೆಗೂ ಏಳಲಿಲ್ಲ. ಹತ್ತಿಪ್ಪತ್ತು ಮಾತು ಬಂದವು, ಎಲ್ಲವೂ ಒಂದೇ ಧಾಟಿಯಲ್ಲಿ, ಬೈಗುಳವೂ ಸೇರಿ. ದೇವರಿಗೂ ಹಸಿವು ಗೊತ್ತಿರ್ತದೆ ಎಂದು ಯಜಮಾನರೂ ಸಮಾಧಾನ ಮಾಡಿಕೊಂಡರು.

ಮೊನ್ನೆ ಹುಡುಗಿ ಕೊಳಲು ನಿಲ್ಲಿಸಿ, "ಹೇಗುಂಟು ಆಂಟಿ?" ಎಂದಳು. ಇದ್ದ ಹಾಗೇ ಉಂಟು ಎಂದೆ. ಅಷ್ಟು ಹೊತ್ತೂ ನನಗೆ ಕಾಲಿನ ನೆನಪೇ ಇರಲಿಲ್ಲ. ಒಣಮೀನು ಬೇಕೆಂದೇ ಸುಟ್ಟದ್ದೆಂದು ಅಂದು ಮೇಡಂ ಹತ್ತಿರ ಹೇಳಿದೆ, ಇಂದು ನಿಮ್ಮ ಹತ್ತಿರ ಹೇಳಿದೆ. ಅತ್ತೆ ಆಮೇಲೆ ಏಳು ವರ್ಷ ಇದ್ದರು, ಅವರಿಗೆ ಹೇಳಲಿಲ್ಲ. ಸೊಸೆ ಶನಿವಾರ ಮರೆತಳೆಂದು ನಂಬಿಯೇ ಹೋದರು. ಒಂದೊಂದು ಮಾತಿಗೂ ತೊಡೆ ತಟ್ಟಿ ತಟ್ಟಿ ಬೆವರುತ್ತಿದ್ದ ಅವರ ಎದುರಿಗೆ ನಾನು ದಿನಾ ಕೂತಿರುತ್ತಿದ್ದೆ. ನನಗೆ ಮಾತು ಬರುತ್ತಿತ್ತು.